ಗಾಜಿನ ತೊಟ್ಟಿಯಲ್ಲಿ ನೀರುಗಿಡಗಳ ಕೃಷಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ಸಂಚರಿಸುವವರ ಕಣ್ಣಿಗೆ ಹಿಪ್ಪುನೇರಳೆಯ ತೋಟಗಳು ಬೀಳದೆ ಇರಲಾರವು. ಆಳೆತ್ತರಕ್ಕೆ ಬೆಳೆದು ಹಸುರಿನಿಂದ ತುಳುಕುತ್ತಿದ್ದ ತೋಟವನ್ನು ರೈತನು ಒಂದು ದಿನ ಕುಡುಗೋಲು ಹಿಡಿದು ಬುಡದವರೆಗೂ ಸವರಿಬಿಡುತ್ತಾನೆ. ಹೊಸಬರು ಅದನ್ನು ಕಂಡರೆ ಮರುಗಬಹುದು. ರೈತನು ಮಾತ್ರ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾನೆ. ಕೆಲವೇ ವಾರಗಳಲ್ಲಿ ಒಂದೊಂದು ಮೋಟಿನಿಂದಲೂ ಹಲವು ಚಿಗುರುಗಳು ಒಡೆದು ತೋಟವು ಮೊದಲಿಗಿಂತ ಒತ್ತಾಗಿ ತುಂಬಿಕೊಳ್ಳುವುದೆಂದು ಅವನು ಬಲ್ಲ. ಬಲಿತ ಕಡ್ಡಿಗಳನ್ನೂ ಅವನು ವ್ಯರ್ಥಮಾಡುವುದಿಲ್ಲ. ಮೂರು ನಾಲ್ಕು ಕಣ್ಣುಗಳಿರುವಂತೆ ತುಂಡುಮಾಡಿ ನೆಟ್ಟರೆ ಒಂದೊಂದು ತುಂಡೂ ಒಂದೊಂದು ಗಿಡವಾಗುತ್ತದೆ. ಚನ್ನಪಟ್ಟಣದ ಬಳಿಯ ಕಣ್ವದ ಹೆಸರನ್ನು ಹೊತ್ತಿರುವ ‘ಕಣ್ವ-2’ ತಳಿಯು ನಾಡಿನ ತೋಟಗಳಿಗೆ ಹರಡಿದ್ದು ಇಂಥ ಕಡ್ಡಿಗಳ ಮೂಲಕವೇ.

ಇದೇ ಊರುಗಳಲ್ಲಿ ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯನ್ನಿರಿಸಿ, ನಾಲ್ಕಾರು ಮೀನು ಬಿಟ್ಟು, ನೀರುಗಿಡಗಳನ್ನು ನೆಟ್ಟು ನೋಡಿ ಸಂತೋಷಪಡುವವರು ಇಂದು ಅನೇಕರಿದ್ದಾರೆ. ಅಕ್ವೇರಿಯಮ್ ಎಂದು ಕರೆಯುವ ಈ ತೊಟ್ಟಿಯ ಮುಂದೆ ಕುಳಿತಾಗ ನಾವು ಹಿಪ್ಪುನೇರಳೆಯ ಪಾಠವನ್ನು ಮರೆತುಬಿಡುತ್ತೇವೆ. ಚೆನ್ನಾಗಿ ಬೆಳೆದ ಗಿಡಕ್ಕೆ ಕತ್ತರಿ ತಾಗಿಸಲು ಮನಸ್ಸು ಒಪ್ಪುವುದಿಲ್ಲ. ಒಂದೆರಡು ತಿಂಗಳಲ್ಲಿ ತುದಿಗಳು ನೀರಿನ ಮೇಲ್ಮೈಯನ್ನು ಮುಟ್ಟಿ ಚಾಪೆಯಂತೆ ಹರಡಿಕೊಳ್ಳುತ್ತವೆ. ಕೆಳಗೆ ಬೆಳಕಿಲ್ಲದೆ ಎಲೆಗಳು ಉದುರಿ, ಬರಿಯ ಕಪ್ಪು ಕಡ್ಡಿಗಳು ಉಳಿಯುತ್ತವೆ. ಕೊಳೆತ ಎಲೆಗಳಿಂದ ನೀರು ಕೆಡುತ್ತದೆ. ಆಗ ಗಿಡ ಒಗ್ಗಲಿಲ್ಲವೆಂದು ಎಲ್ಲವನ್ನೂ ಕಿತ್ತು ಚರಂಡಿಗೆ ಎಸೆಯುತ್ತೇವೆ. ಇಲ್ಲಿ ಎರಡು ತಪ್ಪುಗಳಿವೆ. ಕತ್ತರಿಸಬೇಕಾದಾಗ ಕತ್ತರಿಸದೆ ಹೋದದ್ದು ಮೊದಲನೆಯದು. ಕಿತ್ತದ್ದನ್ನು ಚರಂಡಿಗೆ ಎಸೆದದ್ದು ಎರಡನೆಯದು. ಎರಡನೆಯದು ಮೊದಲನೆಯದಕ್ಕಿಂತ ಬಹು ದೊಡ್ಡ ತಪ್ಪು. ಎರಡೂ ಒಂದೇ ಅಜ್ಞಾನದಿಂದ ಹುಟ್ಟಿದವು: ಗಿಣ್ಣುಳ್ಳ ಕಾಂಡದ ಒಂದು ತುಂಡಿನಲ್ಲಿ ಎಷ್ಟು ಶಕ್ತಿಯಿದೆಯೆಂಬುದನ್ನು ನಾವು ಅರಿತಿಲ್ಲ. ಆ ಶಕ್ತಿಯನ್ನು ಪರಿಚಯಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಕಾಂಡಸಸ್ಯಗಳು

ತೊಟ್ಟಿಯಲ್ಲಿ ನೆಡುವ ನೀರುಗಿಡಗಳಲ್ಲಿ ಸ್ಥೂಲವಾಗಿ ಎರಡು ಬಗೆಗಳನ್ನು ಗುರುತಿಸಬಹುದು. ವ್ಯಾಲಿಸ್ನೇರಿಯಾದಂಥ ಗಿಡಗಳಲ್ಲಿ ಎಲೆಗಳೆಲ್ಲ ಬುಡದ ಒಂದೇ ಎಡೆಯಿಂದ ಹೊರಟು ಪಟ್ಟಿಯಂತೆ ಮೇಲೇರುತ್ತವೆ. ಬೆಳೆಯುವ ಮೊಗ್ಗು ಬುಡದಲ್ಲಿಯೇ ಇರುವುದರಿಂದ ಅಲ್ಲಿ ಕತ್ತರಿಸಿದರೆ ಗಿಡವೇ ಸಾಯುತ್ತದೆ. ಎರಡನೆಯ ಬಗೆಯವು ನೆಟ್ಟಗೆ ಏರುವ ಉದ್ದ ಕಾಂಡವುಳ್ಳವು. ಕಾಂಡದ ಮೇಲೆ ಅಂತರಂತರವಾಗಿ ಗಿಣ್ಣುಗಳಿರುತ್ತವೆ. ಎಲೆಗಳು ಹುಟ್ಟುವುದು ಗಿಣ್ಣುಗಳಲ್ಲಿ. ಎಲೆಯ ಕಂಕುಳಲ್ಲಿ ಮಲಗಿರುವ ಮೊಗ್ಗು ಇರುವುದೂ ಅಲ್ಲಿಯೇ. ಸಮಯ ಬಂದರೆ ಬೇರು ಹೊರಡುವುದೂ ಅಲ್ಲಿಂದಲೇ. ಇವನ್ನೇ ನಾವು ಕಾಂಡಸಸ್ಯಗಳೆಂದು ಕರೆಯುತ್ತೇವೆ.

ಇಂಥ ಗಿಡಗಳಿಗಾಗಿ ದೂರ ಹುಡುಕಬೇಕಾಗಿಲ್ಲ. ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿರುವ ಹೈಡ್ರಿಲ್ಲಾ ಒಂದು ಉತ್ತಮ ಕಾಂಡಸಸ್ಯ. ಅದರ ಪ್ರತಿ ಗಿಣ್ಣಿನ ಸುತ್ತಲೂ ನಾಲ್ಕೈದು ಕಿರುಎಲೆಗಳು ಬಳೆಯಂತೆ ಕುಳಿತಿರುತ್ತವೆ. ಎಲೆಯ ಅಂಚಿನ ಗರಗಸದ ಹಲ್ಲುಗಳು ಬರಿಗಣ್ಣಿಗೇ ಕಾಣುತ್ತವೆ. ಸೆರಟೋಫಿಲ್ಲಮ್ ಎಂಬ ಇನ್ನೊಂದು ಗಿಡಕ್ಕೆ ಬೇರುಗಳೇ ಇಲ್ಲ, ತೇಲಬಿಟ್ಟರೂ ಬೆಳೆಯುತ್ತದೆ. ಗದ್ದೆಯ ಬದಿಯಲ್ಲಿಯೂ ಕಾಲುವೆಯ ಅಂಚಿನಲ್ಲಿಯೂ ಹರಡುವ ನೀರುಬ್ರಾಹ್ಮಿಯು ನಿಧಾನವಾಗಿ ಬೆಳೆಯುವ, ಕಷ್ಟಸಹಿಷ್ಣುವಾದ ಗಿಡ. ಒಂದೆಲಗವನ್ನೂ ಬ್ರಾಹ್ಮಿಯೆಂದು ಕರೆಯುವ ರೂಢಿಯುಂಟಾದುದರಿಂದ ಎರಡನ್ನೂ ಗೊಂದಲಮಾಡಿಕೊಳ್ಳಬಾರದು. ನೀರುಬ್ರಾಹ್ಮಿಯ ಎಲೆಗಳು ಸಣ್ಣವು, ದಪ್ಪನಾದವು, ಎದುರುಬದುರಾಗಿ ಜೋಡಿಜೋಡಿಯಾಗಿರತಕ್ಕವು. ಇವಲ್ಲದೆ ಒಳ್ಳೆಯ ಬೆಳಕಿನಲ್ಲಿ ಕೆಂಪು ಛಾಯೆ ತಳೆಯುವ ರೊಟಾಲಾ, ನವುರಾದ ಸೀಳೆಲೆಗಳ ಲಿಮ್ನೋಫಿಲಾ ಮೊದಲಾದವು ಮೀನಿನ ಅಂಗಡಿಗಳಲ್ಲಿ ದೊರೆಯುತ್ತವೆ. ಇವೆರಡೂ ಭಾರತದ ಜೌಗುನೆಲಗಳಲ್ಲಿ ಸಹಜವಾಗಿ ಬೆಳೆಯುವ ಕುಲಗಳೇ.

ಕೆರೆಯಿಂದ ಗಿಡ ತರುವುದಾದರೆ ಕೊಳಚೆ ಸೇರದ ಕೆರೆಯಿಂದ, ಬೇಕಾದಷ್ಟನ್ನು ಮಾತ್ರ ತರಬೇಕು. ತಂದ ಗಿಡವನ್ನು ಒಂದು ವಾರ ಬೇರೆ ಬಕೆಟ್ಟಿನಲ್ಲಿಟ್ಟು, ದಿನವೂ ನೀರು ಬದಲಾಯಿಸಿ, ಬಸವನಹುಳುವಿನ ಮೊಟ್ಟೆಗಳನ್ನೂ ಕೊಡತಿಹುಳುಗಳ, ಎಂದರೆ ಏರೋಪ್ಲೇನ್ ಚಿಟ್ಟೆಗಳ, ಮರಿಗಳನ್ನೂ ಆರಿಸಿ ತೆಗೆಯತಕ್ಕದ್ದು. ಈ ಮರಿಗಳು ಸಣ್ಣ ಮೀನುಗಳನ್ನು ಹಿಡಿದು ತಿನ್ನುತ್ತವೆ.

ತುದಿಮೊಗ್ಗಿನ ಅಧಿಕಾರ

ಕಾಂಡದ ಗಿಣ್ಣುಗಳಲ್ಲಿ ಇಷ್ಟೊಂದು ಮೊಗ್ಗುಗಳಿದ್ದರೂ ಅವು ಸಾಮಾನ್ಯವಾಗಿ ಏಕೆ ಚಿಗುರುವುದಿಲ್ಲ? ತುದಿಯ ಮೊಗ್ಗು ಅವನ್ನು ತಡೆಹಿಡಿದಿರುತ್ತದೆ. ತುದಿಯ ಎಳೆಯ ಭಾಗದಲ್ಲಿ ಆಕ್ಸಿನ್ ಎಂಬ ಹಾರ್ಮೋನು ಹುಟ್ಟಿ ಕಾಂಡದ ಮೂಲಕ ಕೆಳಕ್ಕೆ ಹರಿಯುತ್ತದೆ. ಅದು ಹರಿಯುತ್ತಿರುವವರೆಗೂ ಕಂಕುಳ ಮೊಗ್ಗುಗಳು ನಿದ್ರಿಸುತ್ತಿರುತ್ತವೆ. 1933ರಲ್ಲಿ ಕೆನೆತ್ ಥೀಮನ್ ಮತ್ತು ಫೋಕೆ ಸ್ಕೂಗ್ ಎಂಬ ವಿಜ್ಞಾನಿಗಳು ಅವರೆಯ ಜಾತಿಯ ಒಂದು ಗಿಡದ ತುದಿಯನ್ನು ಕತ್ತರಿಸಿ, ಮೋಟಿನ ಮೇಲೆ ಈ ಹಾರ್ಮೋನು ತುಂಬಿದ ಅಗರ್ ಅಂಟಿನ ತುಣುಕನ್ನಿಟ್ಟು ನೋಡಿದರು. ತುದಿಯಿಲ್ಲದಿದ್ದರೂ ಪಕ್ಕದ ಮೊಗ್ಗುಗಳು ಚಿಗುರಲಿಲ್ಲ. ತುದಿಯ ಅಧಿಕಾರವು ಅದು ಕಳುಹಿಸುವ ರಾಸಾಯನಿಕದಲ್ಲಿದೆಯೆಂದು ಇದರಿಂದ ತಿಳಿಯಿತು.

ಅನಂತರದ ಸಂಶೋಧನೆಗಳು ಈ ಚಿತ್ರವನ್ನು ಇನ್ನಷ್ಟು ತುಂಬಿವೆ. ಕವಲೊಡೆಯುವುದನ್ನು ತಡೆಯುವ ಸ್ಟ್ರೈಗೊಲ್ಯಾಕ್ಟೋನ್ ಎಂಬ ಇನ್ನೊಂದು ಬಗೆಯ ಹಾರ್ಮೋನು 2008ರಲ್ಲಿ ಗೊತ್ತಾಯಿತು. ತುದಿಯನ್ನು ಕಡಿದೊಡನೆ, ಅದು ಹೀರಿಕೊಳ್ಳುತ್ತಿದ್ದ ಸಕ್ಕರೆಯು ಪಕ್ಕದ ಮೊಗ್ಗುಗಳಿಗೆ ಹರಿದು ಅವನ್ನು ಎಬ್ಬಿಸುವುದೆಂದು 2014ರಲ್ಲಿ ಬಟಾಣಿ ಗಿಡದ ಮೇಲೆ ನಡೆದ ಪ್ರಯೋಗಗಳು ತೋರಿಸಿದವು. ಹಿಪ್ಪುನೇರಳೆಯ ಕಡ್ಡಿಗೂ ತೊಟ್ಟಿಯ ರೊಟಾಲಾಕ್ಕೂ ಅನ್ವಯಿಸುವ ನಿಯಮ ಇದೇ: ತುದಿ ಹೋದರೆ ಕೆಳಗಿನ ಮೊಗ್ಗುಗಳು ಏಳುತ್ತವೆ.

ಲೆಕ್ಕ ಹಾಕಿ ನೋಡೋಣ. ತೊಟ್ಟಿಯಲ್ಲಿ 5 ಕಾಂಡಗಳಿವೆಯೆನ್ನೋಣ. ಐದರ ತುದಿಗಳನ್ನೂ ಕತ್ತರಿಸಿ ಪಕ್ಕದಲ್ಲಿಯೇ ನೆಟ್ಟೆವು. ಪ್ರತಿ ಮೋಟಿನಿಂದಲೂ ಎರಡು ಕವಲು ಹೊರಟರೆ ಅವು 10, ನೆಟ್ಟ ತುದಿಗಳು 5, ಒಟ್ಟು 15. ಇನ್ನೊಮ್ಮೆ ಹೀಗೆಯೇ ಮಾಡಿದರೆ 45. ಹಣ ಕೊಟ್ಟು ತಂದ ಒಂದು ಸಣ್ಣ ಕಂತೆ ಎರಡು ಸಲದ ಕತ್ತರಿಯಿಂದ ತೊಟ್ಟಿಯ ಹಿಂಬದಿಯನ್ನೆಲ್ಲ ತುಂಬುವುದು ಈ ಲೆಕ್ಕದಿಂದಲೇ.

ನೀರಿನಲ್ಲಿ ಆಹಾರ

ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಹೈಡ್ರಿಲ್ಲಾ ಪ್ರಯೋಗವನ್ನು ನೋಡಿದ್ದೇವೆ. ಬೀಕರಿನ ನೀರಿನಲ್ಲಿ ಗಿಡದ ಕೊನೆಗಳನ್ನಿಟ್ಟು, ಮೇಲೆ ಆಲಿಕೆಯನ್ನು ಬೋರಲು ಹಾಕಿ, ಅದರ ಮೇಲೆ ನೀರು ತುಂಬಿದ ಪ್ರನಾಳವನ್ನು ನಿಲ್ಲಿಸಿ ಬಿಸಿಲಿಗಿಟ್ಟರೆ, ಕತ್ತರಿಸಿದ ತುದಿಯಿಂದ ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ. ಅವು ಆಮ್ಲಜನಕದ ಗುಳ್ಳೆಗಳು. ನೀರುಗಿಡದ ಕಾಂಡದೊಳಗೆ ಉದ್ದಕ್ಕೂ ಗಾಳಿಯ ನಾಳಗಳಿರುವುದರಿಂದ, ಎಲೆಗಳಲ್ಲಿ ಹುಟ್ಟಿದ ವಾಯುವು ಕತ್ತರಿಸಿದ ಬಾಯಿಂದ ಹೊರಬೀಳುತ್ತದೆ. ಬೆಳಕಿನ ವೇಳೆಯಲ್ಲಿ ತೊಟ್ಟಿಯ ಗಿಡವನ್ನು ಕತ್ತರಿಸಿದಾಗ ಮೋಟಿನಿಂದ ಏಳುವ ಮುತ್ತಿನ ಸರವೂ ಇದೇ. ಅದನ್ನು ಕಂಡು ಗಾಬರಿಪಡಬೇಕಾಗಿಲ್ಲ.

ಆಹಾರ ತಯಾರಿಕೆಗೆ ಗಿಡಕ್ಕೆ ಬೆಳಕಿನಷ್ಟೇ ಇಂಗಾಲಾಮ್ಲ ವಾಯು, ಎಂದರೆ ಇಂಗಾಲದ ಡೈಆಕ್ಸೈಡ್, ಅವಶ್ಯಕ. ಈ ವಾಯು ಗಾಳಿಗಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಾಲು ನಿಧಾನವಾಗಿ ಹರಡುತ್ತದೆ. ಆದುದರಿಂದ ನಿಂತ ನೀರಿನಲ್ಲಿ ಎಲೆಯ ಸುತ್ತಲಿನ ವಾಯು ಬೇಗ ಮುಗಿದುಹೋಗುತ್ತದೆ. ಸಣ್ಣ ಶೋಧಕದ ಮೋಟಾರಿನಿಂದ ನೀರು ಮೆಲ್ಲಗೆ ಚಲಿಸುತ್ತಿದ್ದರೆ ಗಿಡಕ್ಕೆ ಬಹಳ ಅನುಕೂಲ. ಹೈಡ್ರಿಲ್ಲಾ, ಸೆರಟೋಫಿಲ್ಲಮ್‌ಗಳಿಗೆ ಇನ್ನೊಂದು ಸಾಮರ್ಥ್ಯವಿದೆ: ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟನ್ನೂ ಅವು ಬಳಸಿಕೊಳ್ಳಬಲ್ಲವು. ಕೊಳವೆಬಾವಿಯ ಗಡಸು ನೀರನ್ನೇ ಬಳಸಬೇಕಾದ ಮನೆಗಳಲ್ಲಿ ಮೊದಲು ಈ ಎರಡನ್ನು ಬೆಳೆಸುವುದು ಜಾಣತನ.

ಗಿಡ ಮತ್ತು ಮೀನುಗಳ ಪರಸ್ಪರ ಸಂಬಂಧವನ್ನು ಪರೀಕ್ಷಿಸಿ ಬರೆದವರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಪ್ರಮುಖನು. ಚಿನ್ನದ ಮೀನು, ವ್ಯಾಲಿಸ್ನೇರಿಯಾ, ಬಸವನಹುಳು ಇವು ಒಂದೇ ಪಾತ್ರೆಯಲ್ಲಿ ಒಂದಕ್ಕೊಂದು ಆಧಾರವಾಗಿ ಬಾಳಬಲ್ಲವೆಂದು ಅವನು 1850ರಲ್ಲಿ ಪ್ರಕಟಿಸಿದನು. ಕೊಳೆತ ಎಲೆಗಳು ನೀರನ್ನು ಕೆಡಿಸಿದಾಗಲೇ ಅವನು ಬಸವನಹುಳುವನ್ನು ತೊಟ್ಟಿಗೆ ಸೇರಿಸಿದ್ದು. ಸತ್ತ ಎಲೆಯನ್ನು ತೆಗೆಯದಿದ್ದರೆ ಸಮತೋಲ ಉಳಿಯದೆಂಬ ಪಾಠ ಅಷ್ಟು ಹಳೆಯದು.

ತೊಟ್ಟಿಯ ಸಿದ್ಧತೆ

ಆರಂಭಕ್ಕೆ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 36 ಸೆಂ.ಮೀ. ಎತ್ತರದ ತೊಟ್ಟಿ ಸಾಕು. ತಳದಲ್ಲಿ 6 ಸೆಂ.ಮೀ. ಹರಳು ಹಾಸಿ, ಮೇಲೆ 4 ಸೆಂ.ಮೀ. ಖಾಲಿ ಬಿಟ್ಟರೆ ಹರಳಿನ ಮೇಲೆ ಸುಮಾರು 47 ಲೀಟರ್ ನೀರು ನಿಲ್ಲುತ್ತದೆ. ಗಾಜು, ಹರಳು, ನೀರು ಎಲ್ಲ ಸೇರಿ ತೂಕವು 75 ಕಿಲೋಗ್ರಾಮನ್ನು ಮೀರುವುದರಿಂದ ಮೇಜು ಗಟ್ಟಿಯಾಗಿಯೂ ಸಮತಟ್ಟಾಗಿಯೂ ಇರಬೇಕು.

ಹರಳಿನ ವಿಷಯದಲ್ಲಿ ಈ ಸೀಮೆಯವರು ಭಾಗ್ಯವಂತರು. ರಾಮನಗರದ ಬೆಟ್ಟಗಳಾಗಲಿ, ಮಾಗಡಿಯ ಸಾವನದುರ್ಗವಾಗಲಿ, ಸುಮಾರು 250 ಕೋಟಿ ವರ್ಷ ಹಳೆಯದಾದ ಗ್ರಾನೈಟ್ ಶಿಲೆಯಿಂದಾದವು. ರಾಮನಗರಕ್ಕೆ ಹಿಂದೆ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರಿನಿಂದಲೇ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಈ ಕಲ್ಲು ನೀರಿನಲ್ಲಿ ಕರಗಿ ಗಡಸುತನವನ್ನು ಹೆಚ್ಚಿಸುವುದಿಲ್ಲ. 2ರಿಂದ 4 ಮಿ.ಮೀ. ಗಾತ್ರದ ಕಲ್ಲುಚೂರನ್ನು ತಿಳಿನೀರು ಬರುವವರೆಗೂ ತೊಳೆದು ಬಳಸಬಹುದು. ನದಿಯ ಮರಳನ್ನು ಅಗೆದು ತರುವ ಅಗತ್ಯವಿಲ್ಲ. ಚೂರಿನ ಅಂಚು ಹರಿತವಾಗಿರುವುದರಿಂದ ತಳ ಕೆದಕುವ ಮೀಸೆಮೀನುಗಳಿಗೆ ಮಾತ್ರ ಇದು ಹಿತವಲ್ಲ. ಹರಳಿನಲ್ಲಿ ಸುಣ್ಣಕಲ್ಲು ಬೆರೆತಿದೆಯೇ ಎಂದು ತಿಳಿಯಲು ಅದರ ಮೇಲೆ ನಿಂಬೆರಸ ಹಿಂಡಿ ನೋಡಬೇಕು. ನೊರೆಗುಳ್ಳೆ ಎದ್ದರೆ ಅದು ತೊಟ್ಟಿಗೆ ಯೋಗ್ಯವಲ್ಲ. ಹರಳಿನ ಅಡಿಯಲ್ಲಿ ಒಂದೂವರೆ ಸೆಂ.ಮೀ.ನಷ್ಟು ಜರಡಿಯಾಡಿದ ಕೆಮ್ಮಣ್ಣನ್ನು ಹಾಸಿದರೆ ಬೇರುಗಳಿಗೆ ಕಬ್ಬಿಣ ಮೊದಲಾದ ಪೋಷಕಗಳು ದೊರೆಯುತ್ತವೆ. ಹಸಿ ಗೊಬ್ಬರವನ್ನೂ ಹೊಲದ ರಾಸಾಯನಿಕ ಗೊಬ್ಬರವನ್ನೂ ಸೇರಿಸಲೇಬಾರದು. ಅವುಗಳಿಂದ ಹೊರಡುವ ಅಮೋನಿಯ ಮೀನುಗಳನ್ನು ಕೊಲ್ಲುತ್ತದೆ.

ನಲ್ಲಿಯ ನೀರಿನ ಕ್ಲೋರಿನ್ ಒಂದು ದಿನ ತೆರೆದಿಟ್ಟರೆ ಹೊರಟುಹೋಗುತ್ತದೆ. ಕ್ಲೋರಮೀನ್ ಬೆರೆಸಿದ ನೀರಿಗೆ ಅಂಗಡಿಯಲ್ಲಿ ದೊರೆಯುವ ನಿವಾರಕ ದ್ರಾವಣವೇ ಬೇಕು. ಬೆಳಕಿಗೆ ಎಲ್‌ಇಡಿ ದೀಪವನ್ನು ದಿನಕ್ಕೆ 6ರಿಂದ 8 ಗಂಟೆ ಉರಿಸಿದರೆ ಸಾಕು. ಕಿಟಕಿಯ ನೇರ ಬಿಸಿಲು ಪಾಚಿಯನ್ನು ಬೆಳೆಸುತ್ತದೆ. ಬೇಸಗೆಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು. 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದುಕೊಂಡರೆ 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ರಾತ್ರಿಯ ಹೊತ್ತು ಗಿಡಗಳೂ ಆಮ್ಲಜನಕವನ್ನು ಬಳಸುವುದರಿಂದ ಏಪ್ರಿಲ್ ತಿಂಗಳ ಸೆಕೆಯಲ್ಲಿ ಮೀನುಗಳ ಸಂಖ್ಯೆ ಮಿತವಾಗಿರಲಿ. ಗಾಳಿಯ ಪಂಪು ರಾತ್ರಿ ನಡೆಯುತ್ತಿರಲಿ.

ನೆಡುವುದು ಮತ್ತು ಕತ್ತರಿಸುವುದು

ಅಂಗಡಿಯಿಂದ ತಂದ ಕಂತೆಗೆ ಕಟ್ಟಿರುವ ಸೀಸದ ಪಟ್ಟಿ ಅಥವಾ ರಬ್ಬರನ್ನು ಮೊದಲು ಬಿಚ್ಚಬೇಕು. ಒಂದೊಂದು ಕಾಂಡವನ್ನೂ ಬೇರ್ಪಡಿಸಿ, ಕೆಳಗಿನ ಎರಡು ಗಿಣ್ಣುಗಳ ಎಲೆಗಳನ್ನು ತೆಗೆದು, ಆ ಗಿಣ್ಣುಗಳು ಹರಳಿನೊಳಗೆ ಹುದುಗುವಂತೆ 3 ಸೆಂ.ಮೀ. ಆಳಕ್ಕೆ ನೆಡತಕ್ಕದ್ದು. ಕಾಂಡದಿಂದ ಕಾಂಡಕ್ಕೆ 2ರಿಂದ 3 ಸೆಂ.ಮೀ. ಅಂತರವಿರಲಿ. ಒಟ್ಟಾಗಿ ನೆಟ್ಟರೆ ನಡುವಿನವು ಬೆಳಕಿಲ್ಲದೆ ಕೊಳೆಯುತ್ತವೆ. ನೆಟ್ಟ ಮೊದಲ ವಾರಗಳಲ್ಲಿ ಹಳೆಯ ಎಲೆಗಳು ಉದುರಿದರೆ ನಿರಾಶರಾಗಬಾರದು. ಮಾರಾಟದ ಗಿಡಗಳನ್ನು ಅನೇಕ ವೇಳೆ ನೀರಿನಿಂದ ಹೊರಗೆ ತೇವದಲ್ಲಿ ಬೆಳೆಸಿರುತ್ತಾರೆ. ಗಾಳಿಯ ಎಲೆಗಳು ಹೋಗಿ ತೆಳುವಾದ ನೀರಿನ ಎಲೆಗಳು ಬರುವುದು ಸಹಜವಾದ ಬದಲಾವಣೆ. ತುದಿಯು ಹಸುರಾಗಿದ್ದರೆ ಗಿಡ ಬದುಕಿದೆಯೆಂದೇ ತಿಳಿಯಬೇಕು.

ತುದಿಗಳು ಮೇಲ್ಮೈಗೆ 4 ಸೆಂ.ಮೀ.ನಷ್ಟು ಸಮೀಪಿಸಿದಾಗ ಕತ್ತರಿಸುವ ಸಮಯ ಬಂದಿತೆಂದು ಅರ್ಥ. ಶುಭ್ರವೂ ಹರಿತವೂ ಆದ ಕತ್ತರಿ ಬೇಕು. ಮೊಂಡು ಕತ್ತರಿಯಿಂದ ಕಾಂಡ ಜಜ್ಜಿಹೋಗಿ ಕೊಳೆಯುತ್ತದೆ. ಆರೋಗ್ಯವಾದ ಎಲೆಗಳುಳ್ಳ ಒಂದು ಗಿಣ್ಣನ್ನು ಆರಿಸಿ, ಅದಕ್ಕೆ ಸ್ವಲ್ಪ ಮೇಲೆ ಕತ್ತರಿಸಬೇಕು. ಕೆಳಗೆ ಉಳಿಯುವ ಮೋಟಿನಲ್ಲಿ ಎಲೆಗಳುಳ್ಳ ಮೂರು ನಾಲ್ಕು ಗಿಣ್ಣುಗಳಾದರೂ ಇರಬೇಕು. ಎಲೆಯೇ ಇಲ್ಲದ ಮೋಟು ಚಿಗುರುವುದು ಕಷ್ಟ. ಕತ್ತರಿಸಿದ ಮೇಲುತುಂಡು 10ರಿಂದ 15 ಸೆಂ.ಮೀ. ಉದ್ದವಿದ್ದರೆ ಅದನ್ನು ಮುಂಚೆ ಹೇಳಿದಂತೆಯೇ ನೆಡಬಹುದು. ಒಂದು ವಾರದೊಳಗೆ ಹುದುಗಿದ ಗಿಣ್ಣುಗಳಿಂದ ಬಿಳಿಯ ಬೇರುಗಳು ಸಾಮಾನ್ಯವಾಗಿ ಹೊರಡುತ್ತವೆ.

ಕವಲುಗಳಿಗೂ ಬೆಳಕು ಸಿಗುವಂತೆ ಮುಂದಿನ ಸಾಲನ್ನು ತಗ್ಗಾಗಿಯೂ ಹಿಂದಿನ ಸಾಲನ್ನು ಎತ್ತರವಾಗಿಯೂ ಕತ್ತರಿಸಿದರೆ ತೊಟ್ಟಿಯು ಇಳಿಜಾರಿನ ತೋಟದಂತೆ ಕಾಣುತ್ತದೆ. ಎರಡನೆಯ ಸಲ ಕತ್ತರಿಸುವಾಗ ಮೊದಲ ಗಾಯಕ್ಕಿಂತ ಒಂದು ಗಿಣ್ಣು ಮೇಲೆ ಕತ್ತರಿಸಬೇಕು. ಮೂರು ನಾಲ್ಕು ಸಲದ ನಂತರ ಮೋಟುಗಳು ಮುಪ್ಪಾಗಿ ಚಿಗುರು ಸಣ್ಣದಾಗುತ್ತ ಬರುತ್ತದೆ. ಆಗ ಅವನ್ನು ಮೆಲ್ಲಗೆ ಕಿತ್ತು, ಒಳ್ಳೆಯ ತುದಿಗಳನ್ನೇ ಹೊಸದಾಗಿ ನೆಡುವುದು ಸರಿ.

ಒಂದೇ ದಿನ ಎಲ್ಲವನ್ನೂ ಕತ್ತರಿಸಬಾರದೆಂಬುದು ನೆನಪಿಡಬೇಕಾದ ಮುಖ್ಯ ನಿಯಮ. ಮೀನುಗಳ ಮಲದಿಂದ ಬರುವ ಅಮೋನಿಯ, ನೈಟ್ರೇಟುಗಳನ್ನು ಗಿಡಗಳು ಹೀರಿಕೊಳ್ಳುತ್ತಿರುತ್ತವೆ. ಎಲೆಗಳ ರಾಶಿ ಒಮ್ಮೆಗೇ ಇಲ್ಲವಾದರೆ ಆ ಪೋಷಕಗಳು ಪಾಚಿಯ ಪಾಲಾಗುತ್ತವೆ. ವಾರಕ್ಕೆ ಮೂರನೆಯ ಒಂದು ಪಾಲನ್ನು ಕತ್ತರಿಸಿ, ತೇಲುವ ಚೂರುಗಳನ್ನು ಬಲೆಯಿಂದ ಎತ್ತಿ, ಕಾಲುಭಾಗ ನೀರನ್ನು ಬದಲಾಯಿಸಿದರೆ ಯಾವ ತೊಂದರೆಯೂ ಬಾರದು.

ಗಿಡದ ಭಾಷೆಯನ್ನು ಓದಲು ಕಲಿತರೆ ಕೆಲಸ ಸುಲಭ. ಗಿಣ್ಣುಗಳ ನಡುವಿನ ಅಂತರ ಉದ್ದವಾಗುತ್ತಿದ್ದರೆ ಬೆಳಕು ಸಾಲದು. ಬುಡದ ಎಲೆಗಳು ಮಾತ್ರ ಉದುರುತ್ತಿದ್ದರೆ ಮೇಲಿನವು ನೆರಳು ಮಾಡುತ್ತಿವೆ, ಕತ್ತರಿಸಬೇಕು. ಎಳೆಯ ಎಲೆಗಳು ಬಿಳಿಚಿಕೊಂಡರೆ ಕಬ್ಬಿಣದ ಕೊರತೆಯಿರಬಹುದು; ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆಯಿರಬಹುದು.

ಕತ್ತರಿಸಿದ್ದು ಎಲ್ಲಿಗೆ ಹೋಗಬೇಕು?

ಇನ್ನು ಚರಂಡಿಗೆ ಎಸೆದ ಕಂತೆಯ ಮಾತಿಗೆ ಬರೋಣ. ಗಿಣ್ಣಿರುವ ತುಂಡು ತೊಟ್ಟಿಯಲ್ಲಿ ಬದುಕುವುದಾದರೆ ಕೆರೆಯಲ್ಲಿ ಬದುಕದೆ ಇರುವುದೇ?

ನಮ್ಮ ಕೆರೆಗಳ ಹೈಡ್ರಿಲ್ಲಾದ ಕಥೆಯೇ ಇದಕ್ಕೆ ಉತ್ತರ. 1950ರ ದಶಕದ ಆರಂಭದಲ್ಲಿ ಈ ಗಿಡವನ್ನು ಅಕ್ವೇರಿಯಮ್ ವ್ಯಾಪಾರಕ್ಕಾಗಿ ಅಮೆರಿಕದ ಫ್ಲಾರಿಡಾಕ್ಕೆ ಕೊಂಡೊಯ್ದರು. 1960ರ ವೇಳೆಗೆ ಅದು ಅಲ್ಲಿನ ಹೊರಗಿನ ನೀರಿನಲ್ಲಿ ಕಾಣಿಸಿಕೊಂಡಿತು. ಅನಂತರ ನದಿ, ಸರೋವರ, ಕಾಲುವೆಗಳನ್ನು ಮುಚ್ಚಿ, ದೋಣಿಗಳಿಗೂ ನೀರಿನ ಹರಿವಿಗೂ ಅಡ್ಡಿಯಾಯಿತು. ಅದನ್ನು ಹತೋಟಿಯಲ್ಲಿಡುವ ಖರ್ಚು ಅಲ್ಲಿ ಇಂದಿಗೂ ಮುಗಿದಿಲ್ಲ. ಫ್ಲಾರಿಡಾದ ಗಿಡಗಳೆಲ್ಲ ಹೆಣ್ಣುಗಿಡಗಳು. ಗಂಡಿಲ್ಲದುದರಿಂದ ಬೀಜವೇ ಇಲ್ಲ. ಅಷ್ಟೂ ಹರಡಿದ್ದು ಕಾಂಡದ ತುಂಡುಗಳಿಂದಲೂ ಗಿಡವೇ ಬಿಡುವ ಕಿರುಮೊಗ್ಗು, ಗೆಡ್ಡೆಗಳಿಂದಲೂ. ಒಂದೇ ಎಲೆಸುತ್ತು ಉಳ್ಳ ತುಂಡು ಕೂಡ ಗಿಡವಾಗಬಲ್ಲದು. 1997ರಲ್ಲಿ ಪ್ರಕಟವಾದ ವಂಶವಾಹಿ ಪರೀಕ್ಷೆಯೊಂದರಲ್ಲಿ ನಾನಾ ದೇಶಗಳ ಮಾದರಿಗಳೊಡನೆ ಹೋಲಿಸಿದಾಗ, ಈ ಹೆಣ್ಣುಗಿಡಗಳಿಗೆ ಅತಿ ಹತ್ತಿರದ್ದೆಂದು ಕಂಡುಬಂದದ್ದು ಬೆಂಗಳೂರಿನ ಮಾದರಿ. ನಮ್ಮ ಕೆರೆಯಲ್ಲಿ ಮಿತಿಯೊಳಗಿದ್ದ ಗಿಡ ಪರದೇಶದಲ್ಲಿ ಪಿಡುಗಾಯಿತು.

ಪರದೇಶದ ಗಿಡ ನಮ್ಮಲ್ಲಿ ಪಿಡುಗಾಗಲಾರದೆ? ಅಮೆರಿಕ ಖಂಡಗಳಿಂದ ಬಂದ ಕಬೊಂಬಾ ಎಂಬ ಅಂದವಾದ ಕಾಂಡಸಸ್ಯವನ್ನು ಅಕ್ವೇರಿಯಮ್ಮುಗಳಲ್ಲಿ ಬೆಳೆಸುವುದುಂಟು. 2020ರಲ್ಲಿ ಕೇರಳದ ಕೋಳಿಕ್ಕೋಡು ಜಿಲ್ಲೆಯ ಆವಳಪಾಂಡಿಯಲ್ಲಿ ಅದರ ಗುಲಾಬಿ ಹೂಗಳು ತೋಡನ್ನು ತುಂಬಿದಾಗ ಜನರು ಗುಂಪುಗುಂಪಾಗಿ ನೋಡಲು ಹೋದರು. ಕಣ್ಣಿಗೆ ಹಬ್ಬವಾದ ಆ ದೃಶ್ಯ ಸಸ್ಯವಿಜ್ಞಾನಿಗಳಿಗೆ ಕಳವಳವನ್ನು ತಂದಿತು. ನೋಡಲು ಬಂದವರು ಕಿತ್ತೊಯ್ದು ಬೇರೆ ನೀರಿಗೆ ಹಾಕುವ ಒಂದೊಂದು ಕೊನೆಯೂ ಹೊಸ ಮುತ್ತಿಗೆಯ ಬೀಜವಾಗಬಲ್ಲದು.

ನಮ್ಮ ಸೀಮೆಯ ಭೂಪಟವನ್ನು ಬಿಡಿಸಿ ನೋಡಿದರೆ ಅಪಾಯ ಇನ್ನೂ ಸ್ಪಷ್ಟವಾಗುತ್ತದೆ. ಅರ್ಕಾವತಿಯು ಮಾಗಡಿ ಸೀಮೆಯ ಮಂಚನಬೆಲೆಯಿಂದ ರಾಮನಗರಕ್ಕೆ, ಅಲ್ಲಿಂದ ಕನಕಪುರದ ಕಡೆಗೆ, ಹಾರೋಬೆಲೆ ಜಲಾಶಯಕ್ಕೆ ಹರಿದು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಚನ್ನಪಟ್ಟಣದ ಕಣ್ವ ಹೊಳೆಯು ಶಿಂಷೆಯ ಮೂಲಕ ಅದೇ ಕಾವೇರಿಗೆ ಹೋಗುತ್ತದೆ. ಮೇಲಿನ ಊರಿನ ಚರಂಡಿಗೆ ಬಿದ್ದ ತುಂಡು ಒಂದು ಮಳೆಗಾಲದಲ್ಲಿ ಕೆಳಗಿನ ಜಲಾಶಯವನ್ನು ಮುಟ್ಟಬಹುದು. ಆ ನೀರನ್ನು ನಂಬಿದ ಗದ್ದೆಯವನು, ಬಲೆ ಬೀಸುವವನು ನಮ್ಮ ಪಡಸಾಲೆಯ ತೊಟ್ಟಿಯನ್ನು ಕಂಡವರೇ ಅಲ್ಲ.

ಮಾಡಬೇಕಾದದ್ದು ಅತಿ ಸುಲಭ. ಕತ್ತರಿಸಿ ಮಿಕ್ಕ ಚೂರುಗಳನ್ನು ಕಾಗದದ ಮೇಲೆ ಹರಡಿ, ಮುರಿದರೆ ಪುಡಿಯಾಗುವಷ್ಟು ಬಿಸಿಲಿನಲ್ಲಿ ಒಣಗಿಸಿ, ಹೂಕುಂಡಕ್ಕೋ ಗೊಬ್ಬರದ ಗುಂಡಿಗೋ ಹಾಕಬೇಕು. ತೊಟ್ಟಿಯಿಂದ ತೆಗೆದ ನೀರನ್ನು ಬಟ್ಟೆಯಲ್ಲಿ ಶೋಧಿಸಿ ಅಂಗಳದ ಗಿಡಗಳಿಗೆ ಹನಿಸಬೇಕು. ಅದರಲ್ಲಿ ಸಾರಜನಕವಿರುವುದರಿಂದ ಗಿಡಗಳಿಗೆ ಹಿತ. ಹವ್ಯಾಸ ಸಾಕೆನಿಸಿದಾಗ ಗಿಡಗಳನ್ನಾಗಲಿ ಮೀನುಗಳನ್ನಾಗಲಿ ಕೆರೆಗೆ ಬಿಡದೆ ಬೇರೊಬ್ಬ ಹವ್ಯಾಸಿಗೆ ಕೊಡಬೇಕು.

ಹಿಪ್ಪುನೇರಳೆಯ ರೈತನು ಕತ್ತರಿಸಲು ಅಂಜುವುದಿಲ್ಲ; ಕತ್ತರಿಸಿದ ಕಡ್ಡಿ ಎಲ್ಲಿಗೆ ಹೋಗಬೇಕೆಂಬುದನ್ನೂ ಅವನು ಬಲ್ಲ. ನೀರಿನ ತೋಟವನ್ನು ಬೆಳೆಸುವ ನಮಗೂ ಈ ಎರಡು ತಿಳಿವಳಿಕೆಗಳು ಜೊತೆಯಾಗಿಯೇ ಇರಬೇಕು. ಆಗ ಪಡಸಾಲೆಯ ತೊಟ್ಟಿಯೂ ಹಸುರಾಗಿರುತ್ತದೆ, ಊರ ಕೆರೆಯ ನೀರೂ ತಿಳಿಯಾಗಿ ಉಳಿಯುತ್ತದೆ.